ಸಾಹಿತ್ಯ ಮಂಜೂರಾದ ಬಗೆ

ನನ್ನ ಪೆನ್ನಿನ ಡಬ್ಬಿಯಲ್ಲಿ ಒಂದು ಒಣಗಿದ ನಿಂಬೆಹಣ್ಣಿದೆ. ಹಣ್ಣು ಅನ್ನುವುದು ಈಗ ಅದಕ್ಕೆ ಮರ್ಯಾದೆ ಕೊಟ್ಟು ಹೇಳುವ ಮಾತು. ಗೋಲಿಯ ಹಾಗೆ ಗಟ್ಟಿಯಾಗಿದೆ, ಕಂದುಬಣ್ಣಕ್ಕೆ ತಿರುಗಿದೆ, ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನುತ್ತದೆ. ಮೊನ್ನೆ ಹಾಸ್ಟೆಲಿನಲ್ಲಿ ನನ್ನ ಕೋಣೆಯ ಹುಡುಗಿ ರಬ್ಬರು ಹುಡುಕಲು ಡಬ್ಬಿ ತೆಗೆದವಳು ಅದನ್ನು ಕಂಡು ಕಿಟಾರನೆ ಕಿರುಚಿದಳು. ಅವಳು ಬೇರೆ ರಾಜ್ಯದವಳು. ನಿಂಬೆಹಣ್ಣು ಎಂದರೆ ಅವಳಿಗೆ ಒಂದೋ ಶರಬತ್ತು, ಇಲ್ಲವೋ ಮಾಟ. "ಇದು ಯಾರಿಗೆ ಮಾಡಿಸಿದ್ದು, ನನಗಾ?" ಎಂದು ಕೇಳಿದಳು. "ಛೆ, ನಿನಗಲ್ಲ ಕಣೇ, ನಮ್ಮ ವಿಭಾಗದ ಮುಖ್ಯಸ್ಥರಿಗೆ ಇಟ್ಟದ್ದು" ಎಂದೆ. ಸಮಾಧಾನ ಮಾಡಲು ಹೇಳಿದ ಮಾತು ಅದು. ಅವಳು ದಿಂಬು ಎತ್ತಿಕೊಂಡು ಪಕ್ಕದ ಕೋಣೆಗೆ ಹೋದಳು.

ನಮ್ಮ ಕಡೆಯವರಿಗಾದರೆ ಇಷ್ಟು ಕಷ್ಟವಿರಲಿಲ್ಲ. ಮಂಡ್ಯದ ಸುತ್ತಮುತ್ತ ದೊಡ್ಡವರನ್ನು ನೋಡಲು ಬರಿಗೈಲಿ ಹೋಗುವವರಿಲ್ಲ. ತಾಲ್ಲೂಕು ಕಚೇರಿಯ ಸಾಹೇಬರಿರಲಿ, ಹೊಸದಾಗಿ ಗೆದ್ದವರಿರಲಿ, ಹಳೆಯದಾಗಿ ಸೋತವರಿರಲಿ, ಕೈಗೊಂದು ನಿಂಬೆಹಣ್ಣು ಕೊಟ್ಟು ಕೈ ಮುಗಿದರೆ ಮಾತು ಶುರುವಾದಂತೆ. ಅದಕ್ಕೇನು ಅರ್ಥ ಎಂದು ಕೊಟ್ಟವರು ಹೇಳುವುದಿಲ್ಲ, ತೆಗೆದುಕೊಂಡವರು ಕೇಳುವುದಿಲ್ಲ. ಮದ್ದೂರಿನಲ್ಲಿರುವ ನನ್ನ ಸೋದರಮಾವ ಜವರಣ್ಣನ ಅಂಗಿ ಜೇಬಿನಲ್ಲಿ ಯಾವಾಗಲೂ ಒಂದೆರಡು ಇರುತ್ತವೆ. ಯಾವ ತಿರುವಿನಲ್ಲಿ ಯಾವ ದೊಡ್ಡಮನುಷ್ಯ ಎದುರಾಗುತ್ತಾನೋ ಯಾರಿಗೆ ಗೊತ್ತು. ಚಿಕ್ಕವಳಿದ್ದಾಗ ಮಾವ ನಮ್ಮೂರಿಗೆ ಬಂದರೆ ಮಿಠಾಯಿ ಇರಬಹುದೆಂದು ಆ ಜೇಬಿಗೆ ಕೈ ಹಾಕುತ್ತಿದ್ದೆ. ಪ್ರತಿ ಸಲವೂ ನಿಂಬೆಹಣ್ಣೇ ಸಿಗುತ್ತಿತ್ತು. ಪ್ರತಿ ಸಲವೂ ಮುಂದಿನ ಸಲ ಮಿಠಾಯಿ ಇರುತ್ತದೆ ಎಂದುಕೊಳ್ಳುತ್ತಿದ್ದೆ. ನನ್ನ ಬುದ್ಧಿಯ ಮಟ್ಟ ನಿಮಗೆ ಇಷ್ಟರಲ್ಲೇ ತಿಳಿದಿರಬೇಕು.

ಮಟ್ಟ ಅಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಾನು ಎಲ್ಲದರಲ್ಲೂ ನಡುವಿನವಳು. ಅಕ್ಕನಿಗೂ ತಮ್ಮನಿಗೂ ನಡುವೆ ಹುಟ್ಟಿದೆ. ನಮ್ಮೂರು ಮಂಡ್ಯಕ್ಕೂ ಕೆರಗೋಡಿಗೂ ನಡುವೆ ಇದೆ. ಆ ಕಡೆಯಿಂದ ಬಂದರೂ ಈ ಕಡೆಯಿಂದ ಬಂದರೂ ಬಸ್ಸು ನಮ್ಮೂರು ತಲುಪುವ ಹೊತ್ತಿಗೆ ತುಂಬಿರುತ್ತದೆ. ಶಾಲೆಯ ಫೋಟೋದಲ್ಲಿ ನಡುವಿನ ಸಾಲು. ಮುಂದೆ ಕೂತವಳ ಜಡೆಯ ರಿಬ್ಬನ್ನು ಅಡ್ಡ ಬಂದು ನಾನು ಗಲ್ಲವೇ ಇಲ್ಲದ ಹುಡುಗಿಯಾಗಿದ್ದೇನೆ. ಮೇಷ್ಟ್ರು ಬುದ್ಧಿವಂತರ ಹೆಸರನ್ನೂ ತರಲೆಗಳ ಹೆಸರನ್ನೂ ನೆನಪಿಟ್ಟುಕೊಂಡು, ನನ್ನನ್ನು ಮಾತ್ರ "ಏ, ನೀನು" ಎಂದು ಕರೆಯುತ್ತಿದ್ದರು. ಎರಡರಲ್ಲಿ ಒಂದನ್ನು ಆರಿಸು ಎಂದರೆ ನನಗೆ ಕೈಕಾಲು ಆಡುವುದಿಲ್ಲ. ರೈಲಿನಲ್ಲಿ ಹೋಗುವಾಗ ಮದ್ದೂರು ಸ್ಟೇಷನ್ನಿನಲ್ಲಿ ವಡೆಯವನು ಕಿಟಕಿಗೆ ತಟ್ಟೆ ಹಿಡಿದರೆ ಯಾವುದು ದೊಡ್ಡದು, ಯಾವುದು ಗರಿಯಾಗಿದೆ ಎಂದು ನಾನು ನೋಡುತ್ತಿರುವಾಗಲೇ ರೈಲು ಹೊರಟುಬಿಡುತ್ತಿತ್ತು. ಅವ್ವ ತಲೆಗೆ ಮೊಟಕುತ್ತಿದ್ದಳು. ವಡೆಯ ವಾಸನೆ ಮಾತ್ರ ಮಂಡ್ಯದವರೆಗೂ ಮೂಗಿನಲ್ಲಿರುತ್ತಿತ್ತು.

ಇಂಥವಳಿಗೆ ಬಿ.ಎ. ಮುಗಿದ ಮೇಲೆ ಕನ್ನಡ ಎಂ.ಎ. ಓದಬೇಕೆಂಬ ಹುಚ್ಚು ಹತ್ತಿತು. ಅದೂ ಹತ್ತಿರದಲ್ಲೆಲ್ಲೂ ಅಲ್ಲ, ರೈಲಿನಲ್ಲಿ ಕೂತು ಕೂತು ಬೆನ್ನು ನೋಯಬೇಕು, ಅಷ್ಟು ದೂರದ ಒಂದು ವಿಶ್ವವಿದ್ಯಾಲಯದಲ್ಲಿ. ಹುಚ್ಚು ಹತ್ತಿಸಿದವರು ಕಾಲೇಜಿನಲ್ಲಿ ನಮಗೆ ಕನ್ನಡ ಹೇಳುತ್ತಿದ್ದ ನಾಗರತ್ನ ಮೇಡಂ. ಅಲ್ಲಿ ಕನ್ನಡ ವಿಭಾಗ ಚಿಕ್ಕದು, ಆದರೆ ಬೇರೆ ಬೇರೆ ಭಾಷೆಯ ಮಕ್ಕಳ ಜೊತೆ ಕೂತು ಓದಬಹುದು, ಆ ಗ್ರಂಥಾಲಯದ ಬಾಗಿಲು ಹಾಕುವುದೇ ಇಲ್ಲ ಎಂದು ಪಾಠದ ನಡುವೆ ಒಮ್ಮೆ ಅಂದಿದ್ದರು. ಬಾಗಿಲು ಹಾಕದ ಗ್ರಂಥಾಲಯ ನನ್ನ ತಲೆಯಲ್ಲಿ ಕೂತುಬಿಟ್ಟಿತು. ನಮ್ಮ ಮನೆಯಲ್ಲಿ ಓದಲು ಅಂತ ಇದ್ದದ್ದು ಪಂಚಾಂಗ ಮತ್ತು ಪಂಪ್‌ಸೆಟ್ಟಿನ ಜೊತೆ ಬಂದ ಕೈಪಿಡಿ. ಕೈಪಿಡಿಯನ್ನು ನಾನು ಮೂರ್ನಾಲ್ಕು ಸಲ ಓದಿದ್ದೆ. ಚೆನ್ನಾಗಿತ್ತು.

ಅವ್ವ ಕೇಳಿದಳು: "ಕನ್ನಡ ಓದಕ್ಕೆ ಕನ್ನಡ ಇಲ್ದಿರೋ ಊರ್ಗೆ ಯಾಕವ್ವ ಓಗ್ಬೇಕು? ಇಲ್ಲಿರೋದೆಲ್ಲ ಓದಿ ಮುಗುಸ್ಬುಟ್ಟಾ?"

ಅಷ್ಟರಲ್ಲಿ ಜವರಣ್ಣ ಮಾವ ಗೆಜ್ಜಲಗೆರೆಯ ಬಟ್ಟೆ ಕಾರ್ಖಾನೆಯೊಂದರಲ್ಲಿ ನನಗೊಂದು ಕೆಲಸ ನೋಡಿದ್ದ. ಅಕ್ಕ ಆಗಲೇ ಅಲ್ಲಿಗೆ ಹೋಗುತ್ತಿದ್ದಳು. ಸಂಜೆ ಬಂದು ತಟ್ಟೆಯ ಮುಂದೆ ಕೂತವಳು ತುತ್ತನ್ನು ಕೈಯಲ್ಲಿ ಹಿಡಿದೇ ತೂಕಡಿಸುತ್ತಿದ್ದಳು. ಅವಳನ್ನು ನೋಡಿ ನನಗೆ ಪಾಪ ಅನ್ನಿಸುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಭಯವಾಗುತ್ತಿತ್ತು. ಕೊನೆಗೆ ಅವ್ವ ತೀರ್ಪು ಕೊಟ್ಟಳು: "ಒಂದ್ ಕಿತ ಬರಿ. ಬಂದ್ರೆ ಓಗು, ಬ್ಯಾಡ ಅನ್ನಕಿಲ್ಲ. ಬರ್ನಿಲ್ಲ ಅಂದ್ರೆ ಬಾಯ್ ಮುಚ್ಕೊಂಡು ಗೆಜ್ಜಲಗೆರೆ ಬಸ್ ಅತ್ತು." ನಾನು ಒಪ್ಪಿದೆ.

ಪ್ರವೇಶ ಪರೀಕ್ಷೆ ಮೈಸೂರಿನಲ್ಲಿ, ಕಂಪ್ಯೂಟರಿನ ಮುಂದೆ. ಪ್ರತಿ ಪ್ರಶ್ನೆಗೂ ನಾಲ್ಕು ಉತ್ತರ, ಒಂದನ್ನು ಒತ್ತಬೇಕು. ನನಗೆ ವಡೆಯ ತಟ್ಟೆ ನೆನಪಾಯಿತು. ಕವಿ, ಕಾಲ, ಛಂದಸ್ಸು ಎಲ್ಲವನ್ನೂ ಹೇಗೋ ದಾಟಿದೆ. ಆಮೇಲೆ ನಾಲ್ಕು ಸಾಲಿನ ಗದ್ಯವೊಂದು ಬಂತು. ಗಂಡನ ಹೆಣದ ಮುಂದೆ ಕೂತ ಮುದುಕಿ ಇದ್ದಕ್ಕಿದ್ದ ಹಾಗೆ ಜನರೆದುರು ನಗುತ್ತಾಳೆ. ಇಲ್ಲಿ ಮುಖ್ಯವಾದ ರಸ ಯಾವುದು? ಶೃಂಗಾರ, ಹಾಸ್ಯ, ಕರುಣ, ಶಾಂತ. ಶೃಂಗಾರವನ್ನು ಕಂಡ ಕೂಡಲೇ ಹೊಡೆದುಹಾಕಿದೆ. ಹೆಣದ ಮುಂದೆ ಅದಕ್ಕೇನು ಕೆಲಸ? ಲೆಕ್ಕ ಭರ್ತಿಗೆ ಹಾಕಿದ್ದಾರೆ ಎಂದು ಪ್ರಶ್ನೆ ತೆಗೆದವರ ಮೇಲೆ ನಗುವೂ ಬಂತು. ಮಿಕ್ಕ ಮೂರರಲ್ಲಿ ಸಿಕ್ಕಿಕೊಂಡೆ. ಯಾಕೆಂದರೆ ಆ ಮುದುಕಿ ನಮ್ಮ ಅಜ್ಜಿಯೇ ಆಗಿದ್ದಳು.

ಅಜ್ಜಿ ಅಂದರೆ ನಮ್ಮ ಅಪ್ಪನ ತಾಯಿ. ತಾತ ತೀರಿಕೊಂಡಾಗ ನಾನಿನ್ನೂ ಲಂಗ ತೊಡುವ ಹುಡುಗಿ. ತಾತ ಆಲೆಮನೆಯಲ್ಲಿ ಬೆಲ್ಲ ಕಾಯಿಸುತ್ತಿದ್ದವನು. ಅವನ ಟವೆಲ್ಲು ಎಷ್ಟು ಒಗೆದರೂ ಬೆಲ್ಲದ ವಾಸನೆ ಬಿಡುತ್ತಿರಲಿಲ್ಲ, ಬಿಸಿಲಿಗೆ ಹರವಿದರೆ ಇರುವೆ ಹತ್ತುತ್ತಿತ್ತು. ಓದು ಬರಹ ಇಲ್ಲ. ಕಣ್ಣಿನ ಕ್ಯಾಂಪಿನಲ್ಲಿ ಕೊಟ್ಟಿದ್ದ ಕನ್ನಡಕವನ್ನು ಒಂದು ದಿನವೂ ಹಾಕದೆ ಗೂಡಿನಲ್ಲಿ ಇಟ್ಟಿದ್ದ. ನಮ್ಮಲ್ಲಿ ಹೆಣವನ್ನು ಮನೆ ಮುಂದೆ ಕೂರಿಸುತ್ತಾರೆ. ಆವತ್ತಿನ ಏರ್ಪಾಟೆಲ್ಲ ಜವರಣ್ಣ ಮಾವನದೇ. ಪೇಟ ಕಟ್ಟಿಸಿ, ಹಾರ ಹಾಕಿಸಿ, ಫೋಟೋದವನು ಬಂದು ನಿಂತಾಗ ಮಾವನಿಗೆ ಏನೋ ಕಮ್ಮಿ ಅನ್ನಿಸಿತು. ಒಳಗೆ ಹೋಗಿ ಗೂಡಿನಿಂದ ಆ ಕನ್ನಡಕ ತಂದು ತಾತನಿಗೆ ಹಾಕಿದ. "ಪಟದಾಗೆ ಒಸಿ ಗೌರವಸ್ತರಂಗೆ ಕಾಣ್ಲಿ" ಅಂದ.

ಅಲ್ಲಿಯವರೆಗೆ ಗೋಡೆಗೆ ಒರಗಿ ಸುಮ್ಮನೆ ಕೂತಿದ್ದ ಅಜ್ಜಿ ತಲೆಯೆತ್ತಿ ನೋಡಿದಳು. "ಅಯ್, ನೋಡ್ರಲಾ! ಬದ್ಕಿದ್ದಾಗ ಒಂದಕ್ಸರ ಓದ್ನಿಲ್ಲ, ಈಗ ಪೇಪರ್ ಓದೋನಂಗೆ ಕುಂತವ್ನೆ!" ಎಂದು ನಗಲು ಶುರುಮಾಡಿದಳು. ಸೆರಗನ್ನು ಬಾಯಿಗೆ ತುರುಕಿಕೊಂಡರೂ ನಗು ನಿಲ್ಲಲಿಲ್ಲ. ತಮಟೆಯವರು ಬಾರಿಸುವುದನ್ನು ಬಿಟ್ಟು ನೋಡಿದರು. ಎಷ್ಟೋ ಹೊತ್ತಾದ ಮೇಲೆ ನೋಡಿದರೆ ಅದು ಅಳುವಾಗಿತ್ತು. ಯಾವಾಗ ಆಯಿತೋ ಯಾರಿಗೂ ತಿಳಿಯಲಿಲ್ಲ. ನಾನು ಅವಳ ಮುಖವನ್ನೇ ನೋಡುತ್ತಿದ್ದೆ, ನನಗೂ ತಿಳಿಯಲಿಲ್ಲ.

ಕಂಪ್ಯೂಟರಿನ ಮುಂದೆ ಕೂತು ಅದನ್ನೇ ಹುಡುಕಿದೆ. ಹಾಸ್ಯ ಒತ್ತಿದೆ. ಅಜ್ಜಿಗೆ ದ್ರೋಹ ಮಾಡಿದಂತಾಯಿತು, ಅಳಿಸಿದೆ. ಕರುಣ ಒತ್ತಿದೆ. ಹಾಗಾದರೆ ಅವಳು ಅಷ್ಟು ಚೆನ್ನಾಗಿ ನಕ್ಕದ್ದು ಸುಳ್ಳೇ ಎನ್ನಿಸಿ ಅದನ್ನೂ ಅಳಿಸಿದೆ. ಶಾಂತ? ಅಳು ಮುಗಿದ ಮೇಲೆ ಅವಳು ಎದ್ದು ಹೋಗಿ ತಾತನ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿದ್ದಳು. ಅದು ಶಾಂತವಲ್ಲದೆ ಇನ್ನೇನು? ಹೀಗೆ ನಾನು ಸಾವಿನ ಮನೆಯಲ್ಲಿ ಕೂತಿರುವಾಗಲೇ ಹೊತ್ತು ಮುಗಿಯುತ್ತಾ ಬಂತು. ಮುಂದಿನ ಪ್ರಶ್ನೆಗಳನ್ನು ಓದಿದೆನೋ ಬಿಟ್ಟೆನೋ ನೆನಪಿಲ್ಲ.

ಫಲಿತಾಂಶ ಬಂತು. ನೀವು ಎಷ್ಟನೆಯವರು ಎಂದು ಅವರು ಹೇಳುವುದಿಲ್ಲ, ಪರ್ಸೆಂಟೈಲ್ ಅಂತ ಒಂದು ಕೊಡುತ್ತಾರೆ. ನನ್ನದು ಐವತ್ತರ ಆಚೆ ಈಚೆ. ಅವ್ವನಿಗೆ ವಿವರಿಸಿದೆ: "ಬರೆದವರಲ್ಲಿ ಅರ್ಧ ಜನ ನನಗಿಂತ ಮೇಲೆ, ಅರ್ಧ ಜನ ನನಗಿಂತ ಕೆಳಗೆ."

"ಅಂಗಾರೆ ಪಾಸಾ, ಫೇಲಾ?"

"ಎರಡೂ ಅಲ್ಲ ಕಣವ್ವ."

"ಎಲ್ಡೂ ಅಲ್ದಿರೋದು ಅಂತ ಒಂದ್ ಇದ್ದದಾ?"

ಊರಿಗೆ ಸುದ್ದಿಯಾಯಿತು. ಆಚೆಮನೆ ಅತ್ತೆ ಖುಷಿಯಿಂದ ಬಂದರು, ಈಚೆಮನೆ ದೊಡ್ಡವ್ವ ಸಮಾಧಾನ ಹೇಳಲು ಬಂದರು. ಇಬ್ಬರೂ ಒಂದೇ ಜಗಲಿಯ ಮೇಲೆ ಕೂತು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಾಯಸ ಮಾಡಲೆಂದು ಶಾವಿಗೆ ಹುರಿಯಲು ಕೂತ ಅವ್ವನಿಗೆ ಮಾಡಬೇಕೋ ಬೇಡವೋ ಗೊತ್ತಾಗದೆ, ಕೊನೆಗೆ ಅದಕ್ಕೆ ಈರುಳ್ಳಿ ಮೆಣಸಿನಕಾಯಿ ಹಾಕಿ ಉಪ್ಪಿಟ್ಟು ಮಾಡಿದಳು. ಎಲ್ಲರೂ ತಿಂದರು. ನಾನು ನನ್ನ ಪಾಲನ್ನು ತಮ್ಮನ ತಟ್ಟೆಗೆ ಸುರಿದೆ.

ನನ್ನಂಥ ನಡುವಿನವರಿಗೂ ಒಂದು ಬಾಗಿಲು ಇತ್ತು. ಆ ವಿಭಾಗದವರು ಬರೀ ಅಂಕ ನೋಡುವುದಿಲ್ಲ, ಎರಡು ಶಿಫಾರಸು ಪತ್ರ ಕೇಳುತ್ತಾರೆ, ಆಮೇಲೆ ಸಂದರ್ಶನ. ಇದನ್ನು ಮನೆಯಲ್ಲಿ ಹೇಳಿದ್ದೇ ತಡ, ಉಪ್ಪಿಟ್ಟು ತಿನ್ನುತ್ತಿದ್ದ ಜವರಣ್ಣ ಮಾವನ ಮುಖ ಅರಳಿತು.

"ಶಿಫಾರಸ್ಸಾ? ಇದ್ನ ಮೊದ್ಲೇ ಬೊಗಳ್ಬಾರ್ದಾಗಿತ್ತಾ?"

"ಮಾವ, ಆ ಥರ ಅಲ್ಲ. ಪಾಠ ಹೇಳಿದವರು ಬರೀಬೇಕು."

"ಮೇಷ್ಟ್ರು ಮಾತ್ನ ಯಾರ್ ಕೇಳ್ತಾರೆ ಬುಡವ್ವ. ಅಲ್ಲ, ನೀನೇ ಯೋಳು, ಮಾರ್ಕ್ಸ್ ತುಂಬ್ ತುಳುಕ್ತಾ ಇರೋರ್ಗೆ ಶಿಫಾರಸ್ ಯಾಕ್ ಬೇಕು? ಬರ್ದೇ ಇರೋರ್ಗೆ ಯಾವ ದೇವ್ರು ಬಂದ್ರೂ ಆಗಕಿಲ್ಲ. ಶಿಫಾರಸು ಅಂತ ಮಾಡಿರೋದೇ ನಿನ್ನಂಥ ಮೀಡಿಯಮ್ಮುಗೆ ಕಣವ್ವ."

ಮಾವನ ತರ್ಕದಲ್ಲಿ ತೂತು ಎಲ್ಲಿದೆ ಎಂದು ಬಹಳ ಹುಡುಕಿದೆ. ಸಿಗಲಿಲ್ಲ.

ನಾನು ನನ್ನ ದಾರಿ ಹಿಡಿದು ಮಳವಳ್ಳಿಗೆ ಹೋದೆ. ನಾಗರತ್ನ ಮೇಡಂ ಮನೆ ಅಲ್ಲಿ, ಬೆಳಕವಾಡಿ ಕಡೆಗೆ ಹೋಗುವ ರಸ್ತೆಯಲ್ಲಿ. ಕಾಫಿ ಕೊಟ್ಟು, ಕನ್ನಡಕ ಏರಿಸಿ, ನಮೂನೆ ಓದಿದರು. ಅತ್ಯುತ್ತಮ, ಉತ್ತಮ, ಸಾಧಾರಣ ಎಂದು ಮೂರು ಚೌಕಗಳಿದ್ದವು. ಮೇಡಂ ಪೆನ್ನು ಹಿಡಿದು ಯೋಚಿಸಿ, ಉತ್ತಮಕ್ಕೂ ಸಾಧಾರಣಕ್ಕೂ ನಡುವಿನ ಗೆರೆಯ ಮೇಲೆ ಗುರುತು ಹಾಕಿದರು.

"ಮೇಡಂ, ಎರಡರಲ್ಲಿ ಒಂದಕ್ಕೆ..."

"ಒಂದಕ್ಕೆ ಹಾಕೋ ಹಾಗಿದ್ರೆ ಹಾಕ್ತಿರಲಿಲ್ವೇನಮ್ಮ? ಇರೋದನ್ನ ಬರೀತೀನಿ. ನಿನಗೆ ಹೋಗ್ಬೇಕು ಅಂತ ಎಷ್ಟು ಆಸೆ ಇದ್ಯೋ ನನಗೂ ಅಷ್ಟೇ ಇದೆ. ಆದ್ರೆ ಸುಳ್ಳು ಬರೆದು ಕಳಿಸಲ್ಲ."

ಕೆಳಗೆ ಎರಡೇ ಸಾಲು ಬರೆದರು: "ಈಕೆಗೆ ಉತ್ತರ ಹೇಳಲು ಹೊತ್ತು ಬೇಕು. ಕೊಟ್ಟರೆ ಹೇಳುತ್ತಾಳೆ." ವಾಪಸ್ ಬರುವಾಗ ಬಸ್ಸಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಾ ಬಂದೆ. ಹೊಗಳಿದ್ದಾರೋ ತೆಗಳಿದ್ದಾರೋ ಗೊತ್ತಿಲ್ಲದೆ ಅಳುವುದು ಬಹಳ ಕಷ್ಟ. ಪಕ್ಕದಲ್ಲಿ ಕೂತ ಹೆಂಗಸು, "ಯಾಕವ್ವ, ಅತ್ತೆಮನೆಗಾ?" ಎಂದು ಕೇಳಿದರು. ಹೂಂ ಎಂದೆ.

ಎರಡನೆಯ ಪತ್ರಕ್ಕೆ ನಾನು ನಂಬಿಕೊಂಡಿದ್ದ ಇನ್ನೊಬ್ಬ ಮೇಷ್ಟ್ರು ಕಾಲೇಜು ಬಿಟ್ಟು ಹೋಗಿದ್ದರು, ಫೋನು ಸ್ವಿಚ್ ಆಫ್. ಕೊನೆಯ ದಿನ ಮಂಡ್ಯದ ಸೈಬರ್ ಅಂಗಡಿಯಲ್ಲಿ ಕೂತಿದ್ದೇನೆ. ಎರಡನೆಯ ಪತ್ರ ಹಾಕದೆ ಅರ್ಜಿ ಮುಂದಕ್ಕೆ ಹೋಗುತ್ತಿಲ್ಲ. ಹೊರಗೆ ಮಾವನ ಬೈಕು ನಿಂತಿತು. ಕೈಯಲ್ಲಿ ಉದ್ದನೆಯ ಲಕೋಟೆ. ತಾಲ್ಲೂಕು ಪಂಚಾಯ್ತಿ ಅಧ್ಯಕ್ಷರಾಗಿದ್ದು ಈಗ ಅಲ್ಲದವರೊಬ್ಬರು ಮದ್ದೂರಿನಲ್ಲಿದ್ದಾರೆ, ಎಲ್ಲರೂ ಅವರನ್ನು ಮಾಜಿಗಳು ಎನ್ನುತ್ತಾರೆ. ಪತ್ರ ಅವರದು. ಬೋರ್‌ವೆಲ್ಲಿಗೂ ಬೀದಿದೀಪಕ್ಕೂ ಒಂದೇ ಒಕ್ಕಣೆ ಬರೆದು ರೂಢಿಯಿದ್ದ ಅವರ ಹುಡುಗರು ಹೀಗೆ ಟೈಪು ಮಾಡಿದ್ದರು: "ಸದರಿ ಅಭ್ಯರ್ಥಿಯು ನಮ್ಮ ಕ್ಷೇತ್ರದ ಕಾಯಂ ನಿವಾಸಿಯಾಗಿದ್ದು, ಕಡುಬಡವರೂ ಸಂಭಾವಿತರೂ ಆಗಿರುತ್ತಾರೆ. ಆದ್ದರಿಂದ ಸದರಿಯವರಿಗೆ ಸಾಹಿತ್ಯವನ್ನು ತುರ್ತಾಗಿ ಮಂಜೂರು ಮಾಡಿಕೊಡಬೇಕಾಗಿ ಕೋರಿದೆ."

ಅಂಗಡಿ ಮುಚ್ಚುವ ಹೊತ್ತು. "ಆಕವ್ವ, ಸೀಲ್ ಎಷ್ಟು ಚೆಂದಾಗ್ ಬಿದ್ದದೆ ನೋಡು" ಅಂದ ಮಾವ. ಹಾಕಿಬಿಟ್ಟೆ.

ಹಾಕಿದ ಮೇಲೆ ನಿದ್ದೆ ಬರಲಿಲ್ಲ. ಸಂದರ್ಶನಕ್ಕೆ ಕರೆಯುವುದಿಲ್ಲ ಎಂದು ಖಾತ್ರಿಯಾಗಿ ಗೆಜ್ಜಲಗೆರೆ ಬಸ್ಸಿನ ವೇಳೆಯನ್ನು ಅಕ್ಕನಿಂದ ಕೇಳಿ ತಿಳಿದುಕೊಂಡೆ. ಆದರೆ ಕರೆದರು. ವಿಡಿಯೋದಲ್ಲಿ ಸಂದರ್ಶನ. ನಮ್ಮ ಮನೆಯಲ್ಲಿ ಹಿತ್ತಿಲಿನ ಹುಣಸೇಮರದ ಬುಡದಲ್ಲಿ ಮಾತ್ರ ಸಿಗ್ನಲ್ಲು, ಅದೂ ಎಮ್ಮೆ ಅಡ್ಡ ಬರದಿದ್ದರೆ. ಮಾವ ಅದಕ್ಕೂ ಏರ್ಪಾಟು ಮಾಡಿದ. ಮದ್ದೂರಿನಲ್ಲಿ ಮಾಜಿಗಳ ಮನೆಯ ಮುಂದಿನ ಕೋಣೆ, ಅವರ ಮಗನ ಲ್ಯಾಪ್‌ಟಾಪು, ಪಕ್ಕದಲ್ಲಿ ಒಂದು ತಟ್ಟೆ ಬಿಸಿ ವಡೆ. ನನ್ನ ಬೆನ್ನ ಹಿಂದೆ ಗೋಡೆಯ ತುಂಬ ಒಂದು ಫೋಟೋ. ಕ್ರೇನು ಎತ್ತಿ ಹಿಡಿದ ಸೇಬಿನ ಹಾರದ ಕೆಳಗೆ ಮಾಜಿಗಳು ಇನ್ನೂ ಹಾಲಿಗಳಾಗಿ ನಿಂತಿದ್ದಾರೆ.

ಪರದೆಯ ಮೇಲೆ ಮೂರು ಮುಖ ಮೂಡಿದವು. ನಡುವೆ ವಿಭಾಗದ ಮುಖ್ಯಸ್ಥರಾದ ಬಿಳಿಗೂದಲಿನ ಹಿರಿಯರು, ಒಬ್ಬ ಹೆಂಗಸು, ಒಬ್ಬ ಚಿಕ್ಕ ವಯಸ್ಸಿನವರು. ನಾನು ನಮಸ್ಕಾರ ಹೇಳಿ ಇನ್ನೂ ಬಾಯಿ ಮುಚ್ಚಿಲ್ಲ, ಪಕ್ಕದಿಂದ ಮಾವನ ಕೈ ಬಂತು. ನಮ್ಮ ಚೌಕದಲ್ಲಿ ನಾನು ಮಾಯವಾಗಿ ಬರೀ ಹಳದಿ ತುಂಬಿಕೊಂಡಿತು.

"ಅದೇನಮ್ಮ ಹಳದಿ?" ಎಂದರು ಹಿರಿಯರು.

"ನಿಂಬೇಅಣ್ಣು ಸಾರ್" ಎಂದ ಮಾವ. "ಇದು ತಮ್ಗೆ. ಇದು ಮೇಡಮ್ಮೋರ್ಗೆ. ಇದು ಆ ಚಿಕ್ ಸಾರ್‌ಗೆ." ಒಂದೊಂದನ್ನೂ ಕ್ಯಾಮೆರಾಗೆ ಮುಟ್ಟಿಸಿ, ಲ್ಯಾಪ್‌ಟಾಪಿನ ಮುಂದೆ ಸಾಲಾಗಿ ಇಟ್ಟ. ನೆಲ ಬಾಯಿಬಿಟ್ಟರೆ ಒಳಗೆ ಹೋಗಿಬಿಡೋಣ ಅನ್ನಿಸಿತು ನನಗೆ. ಆ ಹೆಂಗಸು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು.

ಹಿರಿಯರು ಮಾತ್ರ ಕೈ ಮುಗಿದು, "ಬಂತು, ತೆಗೆದುಕೊಂಡೆ" ಎಂದರು. ಆಮೇಲೆ ಕಾಗದ ತಿರುವಿ, "ನಿಮಗೆ ಸಾಹಿತ್ಯ ಮಂಜೂರು ಮಾಡಬೇಕು ಅಂತ ಒಬ್ಬರು ಬರೆದಿದ್ದಾರಲ್ಲ, ಅವರಿಗೆ ನೀವು ಎಷ್ಟು ವರ್ಷದಿಂದ ಪರಿಚಯ?" ಎಂದು ಕೇಳಿದರು.

ನಾನು ತಡವರಿಸುತ್ತಿರುವಾಗಲೇ ಬಾಗಿಲಲ್ಲಿ ನಿಂತಿದ್ದ ಮಾಜಿಗಳು ಶಾಲು ಸರಿ ಮಾಡಿಕೊಂಡು ಬಂದು ನನ್ನ ಪಕ್ಕ ಬಗ್ಗಿದರು. "ನಮಸ್ಕಾರ ಸಾರ್, ನಾನೇಯ ಅದು. ದೊಡ್ಡೋರ ಮುಂದೆ ಸುಳ್ ಯಾಕ್ ಯೋಳ್ಲಿ. ಈ ಮಗೀನ ನಾನು ಇವತ್ತೇ ನೋಡ್ತಿರೋದು. ನಮ್ ಕ್ಷೇತ್ರನೂ ಅಲ್ಲ ಸಾರ್. ಜವರಣ್ಣ ಬಂದ, ಬರ್ಕೊಟ್ಟೆ. ಈಗೀಗ ನನ್ತಾವ ಯಾರೂ ಬರಾಕಿಲ್ಲ, ಬಂದೋರ್ಗೆ ಇಲ್ಲ ಅನ್ನಕ್ಕೆ ಮನಸ್ ಬರಾಕಿಲ್ಲ." ಅಷ್ಟು ಹೇಳಿ ವಡೆಯ ತಟ್ಟೆಯನ್ನು ನನ್ನ ಕಡೆ ಸರಿಸಿ ಹೋದರು.

ಮುಗಿಯಿತು ಅಂದುಕೊಂಡೆ. ಬಸ್ಸು, ಹಾಜರಿ, ಕೈಯಲ್ಲಿ ತುತ್ತು ಹಿಡಿದು ತೂಕಡಿಸುವ ಅಕ್ಕ, ಎಲ್ಲ ಕಣ್ಣ ಮುಂದೆ ಬಂತು. ಮುಗಿದೇಹೋದ ಮೇಲೆ ಹೆದರಿಕೆ ಎಲ್ಲಿಯದು? ಹಾಗಾಗಿ ಹಿರಿಯರು, "ಅಂಕ ಸಾಧಾರಣವಾಗಿದೆ. ಏನು ತೊಂದರೆಯಾಯಿತು?" ಎಂದಾಗ ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಆ ಪ್ರಶ್ನೆ, ನಗುವ ಮುದುಕಿ, ನಮ್ಮ ತಾತ, ಗೂಡಿನ ಕನ್ನಡಕ, ಅಜ್ಜಿಯ ನಗು. ಕನ್ನಡಕದ ವಿಷಯ ಬಂದಾಗ ಮಾವ, "ನಾನೇ ಆಕಿದ್ದು" ಎಂದು ಪಕ್ಕದಿಂದ ಪಿಸುಗುಟ್ಟಿದ. ನಗು ಯಾವಾಗ ಅಳುವಾಯಿತೆಂದು ನನಗೆ ಈಗಲೂ ಗೊತ್ತಿಲ್ಲ, ಅದಕ್ಕೇ ಯಾವುದನ್ನೂ ಒತ್ತಲಾಗಲಿಲ್ಲ ಎಂದೆ.

"ಈಗ ಮತ್ತೆ ಅದೇ ಪ್ರಶ್ನೆ ಕೊಟ್ಟರೆ?" ಎಂದರು ಆ ಹೆಂಗಸು.

"ಶೃಂಗಾರ ಒಂದನ್ನು ಬಿಟ್ಟು ಮಿಕ್ಕ ಮೂರನ್ನೂ ಒತ್ತುತ್ತೇನೆ ಮೇಡಂ. ತಪ್ಪಾದರೆ ಆಗಲಿ" ಎಂದೆ. ಜೀವನದಲ್ಲಿ ಒಂದು ಉತ್ತರವನ್ನು ಅಷ್ಟು ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು.

ಮೂವರೂ ಅಲುಗಾಡಲಿಲ್ಲ. ಹಿರಿಯರ ಕೈ ಕನ್ನಡಕದ ಹತ್ತಿರ ಹೋಗಿ ಅಲ್ಲೇ ನಿಂತಿತ್ತು. ಅವರ ಮನಸ್ಸಿಗೆ ತಾಗಿದೆ ಅಂದುಕೊಂಡು ನಾನೂ ಗೌರವದಿಂದ ಸುಮ್ಮನೆ ಕೂತೆ. ಬಹಳ ಹೊತ್ತಾಯಿತು. ಮಾವ ಬಗ್ಗಿ ನೋಡಿ, "ಎಲ್ರೂ ಕಲ್ಲಾಗ್ಬುಟ್ಟವ್ರೆ ಕಣವ್ವ, ನೆಟ್ ಓಗ್ಬುಟ್ಟದೆ" ಎಂದ. ಮತ್ತೆ ಮುಖಗಳು ಅಲ್ಲಾಡಿದಾಗ ಹಿರಿಯರು, "ಸಾಕಮ್ಮ, ಧನ್ಯವಾದ" ಎಂದು ಮುಗಿಸಿದರು. ಎಲ್ಲಿಯವರೆಗೆ ಕೇಳಿಸಿತ್ತು? ಕನ್ನಡಕದವರೆಗೋ, ನಗುವಿನವರೆಗೋ, ಪೂರ್ತಿಯೋ? ಕೇಳಲು ಧೈರ್ಯವಾಗಲಿಲ್ಲ. ಇಲ್ಲಿಗೆ ಬಂದು ಅವರದೇ ಪಾಠ ಕೇಳುತ್ತಿದ್ದೇನೆ, ಇವತ್ತಿಗೂ ಕೇಳಿಲ್ಲ. ಆ ದಿನ ಎರಡು ಹಣ್ಣನ್ನು ಮಾಜಿಗಳ ಮನೆಯಲ್ಲೇ ಪಾನಕ ಮಾಡಿದರು. ಹಿರಿಯರ ಪಾಲಿನದನ್ನು ಮಾವ ನನ್ನ ಕೈಗೆ ಕೊಟ್ಟು, "ಮಡಿಕ್ಕೊ, ಅಲ್ಲಿಗ್ ಓದಾಗ ಕೊಡು" ಅಂದ.

ಹೌದು, ಸೀಟು ಬಂತು. ಪಟ್ಟಿಯಲ್ಲಿ ನನ್ನ ಹೆಸರು ಎಲ್ಲಿತ್ತೆಂದು ನೀವೇ ಊಹಿಸಬಹುದು: ಸರಿಯಾಗಿ ನಡುವೆ. ಸೀಟು ಬಂದದ್ದು ನಿಂಬೆಹಣ್ಣಿನಿಂದ ಎಂದು ಮಾವ ಮದ್ದೂರೆಲ್ಲ ಹೇಳಿಕೊಂಡು ಬಂದ. ನಿಜ ಹೇಳಿದ್ದರಿಂದ ಎಂದು ಮಾಜಿಗಳು ಅಂದರಂತೆ. ನಾಗರತ್ನ ಮೇಡಂ ಫೋನಿನಲ್ಲಿ "ಒಳ್ಳೇದಾಯ್ತು" ಎಂದರು. ಅವ್ವ ಈ ಸಲ ಪಾಯಸವನ್ನೇ ಮಾಡಿದಳು. ಅಕ್ಕ ನನ್ನ ಬಟ್ಟೆಗಳನ್ನೆಲ್ಲ ಕಾರ್ಖಾನೆಯ ಅಚ್ಚುಕಟ್ಟಿನಲ್ಲಿ ಮಡಿಸಿ ತುಂಬಿಕೊಟ್ಟಳು. ನಾನು ಮಾತ್ರ ಅಜ್ಜಿಯ ಕಥೆಯಿಂದ ಸಿಕ್ಕಿತೆಂದು ಒಳಗೊಳಗೇ ಬೀಗಿದೆ.

ಹೊರಡುವ ದಿನ ಅಜ್ಜಿ ಹಿತ್ತಿಲಿನಲ್ಲಿ ಸೊಪ್ಪು ಸೋಸುತ್ತಾ ಕೂತಿದ್ದಳು. ಪಕ್ಕದಲ್ಲಿ ಕೂತು ಕೇಳಿದೆ: "ಅಜ್ಜಿ, ತಾತ ಸತ್ತ ದಿನ ನಕ್ಕೆಯಲ್ಲ, ಅದು ನಗುವಾ, ಅಳುವಾ?"

"ಯಾರವ್ವ ಕೇಳ್ತಿರೋದು?"

"ಪರೀಕ್ಷೆಲಿ ಕೇಳಿದ್ರು."

"ನಮ್ ಮನೆ ಎಣದ್ ಇಸ್ಯ ಅವ್ರಿಗ್ಯಾಕಂತೆ?" ಎಂದಳು. ಒಂದು ಕಂತೆ ಸೊಪ್ಪು ಸೋಸಿ ಮುಗಿಸಿದಳು. ಆಮೇಲೆ, "ಒಟ್ಟೆ ಅಸಿವು ಕಣವ್ವ" ಎಂದಳು.

"ಹಸಿವಾ?"

"ಊಂ. ಸಾವಿನ್ ಮನೇಲಿ ಒಲೆ ಅಚ್ಚಂಗಿಲ್ವಲ್ಲ. ನಮ್ಮತ್ತೆ ಸತ್ತಾಗ್ಲೂ ಅಂಗೇಯ. ಆಗ ನಿಮ್ಮಪ್ಪ ನನ್ ಒಟ್ಟೇಲಿ. ಜೀವ ಓದಂಗ್ ಆಯ್ತದೆ, ಬಾಯ್ಬುಟ್ಟು ಕೇಳಂಗಿಲ್ಲ. ನಿಮ್ ತಾತ ನೋಡ್ದ. ಅವ್ವನ್ ಎಣ ಮುಂದ್ಗಡೆ ಮಡಿಕ್ಕೊಂಡು, ಯಾರ್ಗೂ ಯೋಳ್ದಂಗೆ ಆಲೆಮನೆತಾವ್ಕೆ ಓಗಿ, ಬಿಸಿ ಬೆಲ್ಲವ ಟವಲ್ನಾಗೆ ಸುತ್ಕೊಂಡ್ ಬಂದು, ಇದೇ ಇತ್ತಲ್ಗೆ ಕರ್ದು ನನ್ ಬಾಯ್ಗೆ ತುರುಕ್ದ. ನಾಲ್ಗೆ ಸುಟ್ಟೋಯ್ತು. ಅಳಬ್ಯಾಡ, ತಿನ್ನು ಅಂದ."

ಅವಳು ಸೊಪ್ಪಿನ ಕಡ್ಡಿಯನ್ನು ಆಚೆ ಎಸೆದಳು.

"ಅವ್ನು ಸತ್ತೋದ್ ದಿನ ಅವ್ನ ಮುಂದೆ ಕುಂತಿದ್ನಾ, ಒಟ್ಟೆ ಚುರುಗುಟ್ತು. ಈಗ ಬತ್ತಾನೆ ನಂಗೆ ಬೆಲ್ಲ ತಕ್ಕೊಂಡು ಅಂತ ತಲೆ ಎತ್ತಿ ನೋಡ್ತೀನಿ, ಕನ್ನಡ್ಕ ಆಕ್ಕೊಂಡು ಕುಂತವ್ನೆ!"

ಎಂದವಳೇ ಮತ್ತೆ ನಗಲು ಶುರುಮಾಡಿದಳು. ಸೊಪ್ಪಿನ ಕೈಯಿಂದಲೇ ಬಾಯಿ ಮುಚ್ಚಿಕೊಂಡಳು. ಅವ್ವ ಒಳಗಿನಿಂದ ಬಸ್ಸಿಗೆ ಹೊತ್ತಾಯಿತೆಂದು ಕೂಗುತ್ತಿದ್ದಳು. ನಾನು ಏಳಲಿಲ್ಲ. ಪರೀಕ್ಷೆಯ ಆ ನಾಲ್ಕು ಉತ್ತರಗಳಲ್ಲಿ ಶೃಂಗಾರ ಮೊದಲನೆಯದಾಗಿತ್ತು, ಕಂಡ ಕೂಡಲೇ ನಾನು ಹೊಡೆದುಹಾಕಿದ್ದು ಅದನ್ನೇ.